ಬೆಳ್ಳಿ ಡಾಲರೋ, ಕಾಗದದ ಚೀಟಿಯೋ: ಆರಂಭಕಾಲದ ಅಮೆರಿಕದ ಹಣವನ್ನು ತೂಗಿ ನೋಡುವ ಬಗೆ

ಬೆಳ್ಳಿ ಬಂಗಾರವೇ ನಿಜವಾದ ಹಣ ಎನ್ನುವವರು, ಸ್ವಾತಂತ್ರ್ಯಯುದ್ಧದ ಖರ್ಚಿಗೆ ಅಮೆರಿಕದ ಕಾಂಗ್ರೆಸ್ ಹೊರಡಿಸಿ 1779ರ ಹೊತ್ತಿಗೆ ಬೆಲೆ ಕಳೆದುಕೊಂಡ ಕಾಂಟಿನೆಂಟಲ್ ಚೀಟಿಯನ್ನು ಎತ್ತಿ ತೋರಿಸುತ್ತಾರೆ. ಕಾಗದದ ಹಣವಿಲ್ಲದೆ ಅಮೆರಿಕದ ವಸಾಹತುಗಳು ಮೇಲೇಳುತ್ತಲೇ ಇರಲಿಲ್ಲ ಎನ್ನುವವರು 1723ರ ಪೆನ್ಸಿಲ್ವೇನಿಯಾದ ಚೀಟಿಯನ್ನು ತೋರಿಸುತ್ತಾರೆ. ಎರಡೂ ಉದಾಹರಣೆ ನಿಜ. ಅವುಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಮಾತು ಎದ್ದು ಕಾಣುತ್ತದೆ: ಕಾಗದ ಕೆಟ್ಟದ್ದು ಅದು ಖಜಾನೆಗೆ ಮರಳಿ ಬರುವ ದಾರಿ ಮುಚ್ಚಿದಾಗ, ಲೋಹ ಕೈಕೊಟ್ಟದ್ದು ಅದು ಊರು ಬಿಡುವ ದಾರಿ ತೆರೆದೇ ಇದ್ದಾಗ. ಆದ್ದರಿಂದ ಯಾವ ಹಣವನ್ನು ಹೋಲಿಸುವಾಗಲೂ ಮೊದಲು ನೋಡಬೇಕಾದದ್ದು ಅದು ಎಲ್ಲಿಗೆ ಹೋಗುತ್ತದೆ, ಯಾರು ಅದನ್ನು ವಾಪಸು ಎಳೆಯುತ್ತಾರೆ ಎಂಬುದನ್ನು.

ಬೆಳ್ಳಿ ಡಾಲರ್

ಬ್ರಿಟನ್ ತನ್ನ ವಸಾಹತುಗಳಿಗೆ ಸಾಕಷ್ಟು ನಾಣ್ಯ ಕಳಿಸಲಿಲ್ಲ, ಅಲ್ಲೇ ಟಂಕಿಸಿಕೊಳ್ಳಲೂ ಬಿಡಲಿಲ್ಲ. ಮ್ಯಾಸಚೂಸೆಟ್ಸ್ ಮಾತ್ರ 1652ರಲ್ಲಿ ಬಾಸ್ಟನ್ನಿನಲ್ಲಿ ಟಂಕಸಾಲೆ ತೆರೆದು, ಜಾನ್ ಹಲ್ ಮತ್ತು ರಾಬರ್ಟ್ ಸ್ಯಾಂಡರ್ಸನ್ ಕೈಯಲ್ಲಿ ಶಿಲ್ಲಿಂಗ್ ಹೊಡೆಸಿತು. ಅದರ ತೂಕ 72 ಗ್ರೇನ್. ಇಂಗ್ಲೆಂಡಿನ ಶಿಲ್ಲಿಂಗಿನದು ಸುಮಾರು 93. ತೂಕ ಇಳಿಸಿದ್ದು ಬೇಕೆಂದೇ. ಹಗುರವಾದ ನಾಣ್ಯವನ್ನು ಲಂಡನ್ನಿನ ವ್ಯಾಪಾರಿ ಮುಖಬೆಲೆಗೆ ಒಪ್ಪುವುದಿಲ್ಲ, ಹಾಗಾಗಿ ಅದು ಊರಲ್ಲೇ ಉಳಿದೀತು ಎಂಬ ಲೆಕ್ಕಾಚಾರ. ವ್ಯಾಪಾರಿಗಳು ಸರಕಿನ ಬೆಲೆಯನ್ನು ಅಷ್ಟೇ ಏರಿಸಿದರು, ಬೆಳ್ಳಿ ಹಡಗು ಹತ್ತುವುದು ನಿಲ್ಲಲಿಲ್ಲ. 1680ರ ದಶಕದಲ್ಲಿ ಟಂಕಸಾಲೆ ಮುಚ್ಚಿತು.

ಆಮೇಲೆ ಕೈಗೆ ಸಿಗುತ್ತಿದ್ದ ನಾಣ್ಯವೆಂದರೆ ಮುಖ್ಯವಾಗಿ ಸ್ಪೇನಿನ 8 ರಿಯಾಲಿನ ಬೆಳ್ಳಿ ಡಾಲರ್. ಮೆಕ್ಸಿಕೊ ಮತ್ತು ಪೆರುವಿನ ಬೆಳ್ಳಿ ಅದು; ವೆಸ್ಟ್ ಇಂಡೀಸಿಗೆ ಹಿಟ್ಟು, ಮೀನು, ಮರದ ಹಲಗೆ ಮಾರಿ ವಸಾಹತಿನವರು ತರುತ್ತಿದ್ದರು. ತೂಕ ಸುಮಾರು 27 ಗ್ರಾಂ. ಚಿಲ್ಲರೆ ಬೇಕಾದಾಗ ಉಳಿಯಿಂದ ಎಂಟು ತುಂಡು ಮಾಡುತ್ತಿದ್ದರು, ಒಂದೊಂದು ತುಂಡಿಗೆ ‘ಬಿಟ್’ ಎಂದು ಹೆಸರು. ಎರಡು ಬಿಟ್ ಎಂದರೆ ಕಾಲು ಡಾಲರ್. ನಯಾಪೈಸೆ ಬಂದ ಮೇಲೂ ನಮ್ಮಲ್ಲಿ 25 ಪೈಸೆಗೆ ‘ನಾಲ್ಕಾಣೆ’ ಎಂಬ ಹೆಸರು ಉಳಿದಂತೆ, ಅಲ್ಲಿ 25 ಸೆಂಟಿಗೆ ‘ಎರಡು ಬಿಟ್’ ಎಂಬ ಮಾತು ಉಳಿಯಿತು.

ಬೆಳ್ಳಿಯ ಗುಣ ಎಲ್ಲರಿಗೂ ಗೊತ್ತು: ಬಾಸ್ಟನ್ನಿನಲ್ಲೂ ಲಂಡನ್ನಿನಲ್ಲೂ ತೂಕಕ್ಕೆ ಬೆಲೆಯಿದೆ, ಯಾವ ವಿಧಾನಸಭೆಯೂ ಅದನ್ನು ಮುದ್ರಿಸಿ ಹೆಚ್ಚಿಸಲಾರದು. ತೊಂದರೆಗಳನ್ನು ಮಾತ್ರ ಒಂದೊಂದಾಗಿ ನೋಡಬೇಕು.

ಅಂಚು ಕತ್ತರಿಸುವುದು, ಚೀಲದಲ್ಲಿ ಹಾಕಿ ಕುಲುಕಿ ಉದುರಿದ ಬೆಳ್ಳಿಪುಡಿ ಕೂಡಿಸುವುದು, ತೂತು ಕೊರೆದು ಕೀಳು ಲೋಹ ತುಂಬುವುದು, ಇವೆಲ್ಲ ದಿನನಿತ್ಯದ ಕಳ್ಳಾಟ. ಹಾಗಾಗಿ ಚಿನಿವಾರನ ಹಾಗೆ ಪ್ರತಿ ವರ್ತಕನೂ ಪುಟ್ಟ ತಕ್ಕಡಿ ಇಟ್ಟುಕೊಳ್ಳಬೇಕಿತ್ತು. ಸಾಗಣೆಯೂ ಕಷ್ಟ, ಸಾವಿರ ಡಾಲರ್ ಎಂದರೆ 27 ಕಿಲೋ ಬೆಳ್ಳಿ. ಎಲ್ಲಕ್ಕಿಂತ ದೊಡ್ಡದು ಸೋರಿಕೆ. ಇಂಗ್ಲೆಂಡಿನಿಂದ ಬಟ್ಟೆ, ಕಬ್ಬಿಣದ ಸಾಮಾನು ತರಿಸಿದ ಬಾಕಿ ಕೊನೆಗೆ ಬೆಳ್ಳಿಯಲ್ಲೇ ತೀರಬೇಕು. ಒಳ್ಳೆಯ ನಾಣ್ಯ ಮೊದಲು ಹೊರಟುಹೋಗುತ್ತದೆ, ಸವಕಲು ನಾಣ್ಯ ಊರಲ್ಲಿ ಉಳಿಯುತ್ತದೆ, ಕೊನೆಗೆ ಅದೂ ಇಲ್ಲ. ವರ್ಜೀನಿಯಾ ಹೊಗೆಸೊಪ್ಪನ್ನೇ ಹಣವಾಗಿ ಬಳಸಿದ್ದು, ಮ್ಯಾಸಚೂಸೆಟ್ಸ್ 1637ರಿಂದ 1661ರವರೆಗೆ ಮೂಲನಿವಾಸಿಗಳ ಕಪ್ಪೆಚಿಪ್ಪಿನ ಮಣಿಸರವನ್ನು ಕಾನೂನುಬದ್ಧ ಹಣವೆಂದು ಒಪ್ಪಿದ್ದು ಈ ಬರದಿಂದಲೇ.

ಹಳೆಯ ಲೆಕ್ಕಪುಸ್ತಕ ಓದುವವರು ಎಡವುವ ಜಾಗ ಇನ್ನೊಂದಿದೆ. ಬರೆಯುತ್ತಿದ್ದದ್ದು ಪೌಂಡ್, ಶಿಲ್ಲಿಂಗ್, ಪೆನ್ಸ್. ಆದರೆ ಪ್ರತಿ ವಸಾಹತಿನ ಪೌಂಡೂ ಬೇರೆ. ಒಂದೇ ಸ್ಪೇನಿನ ಡಾಲರಿಗೆ ಲಂಡನ್ನಿನಲ್ಲಿ 4 ಶಿಲ್ಲಿಂಗ್ 6 ಪೆನ್ಸ್. 1750ರ ನಂತರದ ಬಾಸ್ಟನ್ನಿನಲ್ಲಿ ಅದಕ್ಕೆ 6 ಶಿಲ್ಲಿಂಗ್, ಫಿಲಡೆಲ್ಫಿಯಾದಲ್ಲಿ 7 ಶಿಲ್ಲಿಂಗ್ 6 ಪೆನ್ಸ್, ನ್ಯೂಯಾರ್ಕಿನಲ್ಲಿ 8 ಶಿಲ್ಲಿಂಗ್. ಒಂದು ಪೌಂಡಿಗೆ 240 ಪೆನ್ಸ್ ಎಂದು ಹಿಡಿದರೆ, £100 ಸಾಲ ಲಂಡನ್ನಿನಲ್ಲಿ ಸುಮಾರು 444 ಡಾಲರ್, ಬಾಸ್ಟನ್ನಿನಲ್ಲಿ 333, ಫಿಲಡೆಲ್ಫಿಯಾದಲ್ಲಿ 267, ನ್ಯೂಯಾರ್ಕಿನಲ್ಲಿ 250. ಯಾವ ಊರಿನ ಪೌಂಡ್ ಎಂದು ತಿಳಿಯದೆ ಎರಡು ಅಂಕಿಗಳನ್ನು ಹೋಲಿಸಬಾರದು.

ತೆರಿಗೆಯ ಮೇಲೆ ನಿಂತ ಚೀಟಿ

1690ರಲ್ಲಿ ಮ್ಯಾಸಚೂಸೆಟ್ಸಿನ ಸೇನೆ ಫ್ರೆಂಚರ ಕ್ವಿಬೆಕ್ ಮೇಲೆ ದಂಡೆತ್ತಿ ಹೋಗಿ ಸೋತು ಬಂತು. ಕೊಳ್ಳೆಯಿಂದ ಸಂಬಳ ಕೊಡುವ ಯೋಚನೆಯಿತ್ತು, ಕೊಳ್ಳೆಯೇ ಸಿಗಲಿಲ್ಲ. ಸೈನಿಕರಿಗೆ ಕೊಡಲು ಆ ಡಿಸೆಂಬರಿನಲ್ಲಿ £7,000 ಮೊತ್ತದ ಚೀಟಿ ಹೊರಡಿಸಿದರು, ಬಳಿಕ ಮಿತಿಯನ್ನು £40,000ಕ್ಕೆ ಏರಿಸಿದರು. ಪಶ್ಚಿಮ ಜಗತ್ತಿನಲ್ಲಿ ಸರ್ಕಾರವೊಂದು ಹೊರಡಿಸಿದ ಮೊದಮೊದಲ ಕಾಗದದ ಹಣಗಳಲ್ಲಿ ಇದೂ ಒಂದು.

ಕೆಲಸ ಮಾಡುವ ಕ್ರಮ ಹೀಗೆ. ವಿಧಾನಸಭೆ ಇಷ್ಟು ಮೊತ್ತ ಎಂದು ಕಾನೂನು ಮಾಡುತ್ತದೆ. ಅದೇ ಕಾನೂನಿನಲ್ಲಿ, ಮುಂದಿನ ಇಂತಿಷ್ಟು ವರ್ಷ ಇಂಥ ತೆರಿಗೆ ಎಂದೂ ಬರೆಯುತ್ತದೆ. ಚೀಟಿ ಅಚ್ಚಾಗಿ, ನೇಮಿಸಿದ ಮಂದಿ ಕೈಯಿಂದ ಸಹಿ ಹಾಕಿ, ಸಂಖ್ಯೆ ಬರೆದು ಸೈನಿಕರಿಗೆ, ಗುತ್ತಿಗೆದಾರರಿಗೆ ಕೊಡುತ್ತಾರೆ. ಜನ ಅದನ್ನೇ ತೆರಿಗೆಯಾಗಿ ಕಟ್ಟುತ್ತಾರೆ. ಬಂದ ಚೀಟಿಯನ್ನು ಎಣಿಸಿ ಸುಡುತ್ತಾರೆ. ಮ್ಯಾಸಚೂಸೆಟ್ಸ್ 1692ರಲ್ಲಿ ಇನ್ನೊಂದು ಸವಲತ್ತು ಸೇರಿಸಿತು: ಚೀಟಿಯಲ್ಲಿ ತೆರಿಗೆ ಕಟ್ಟಿದವರಿಗೆ ನೂರಕ್ಕೆ 5 ಹೆಚ್ಚು ಲೆಕ್ಕ. ಬೆಳ್ಳಿಯ ಆಧಾರವಿಲ್ಲದ ಈ ಕಾಗದ ಸುಮಾರು ಎರಡು ದಶಕ ಚೆನ್ನಾಗಿಯೇ ನಿಂತಿತು.

ಕೆಟ್ಟದ್ದು ಸುಡುವ ದಿನವನ್ನು ಮುಂದೂಡತೊಡಗಿದಾಗ. ಯುದ್ಧ ಬಂದರೆ ಹೊಸ ಚೀಟಿ, ಹಳೆಯದನ್ನು ಎಳೆದುಕೊಳ್ಳಬೇಕಾದ ತೆರಿಗೆ ಮಾತ್ರ ವರ್ಷಗಟ್ಟಲೆ ಆಚೆಗೆ. ಪಕ್ಕದ ರೋಡ್ ಐಲೆಂಡ್ ಬೇಕಾಬಿಟ್ಟಿ ಹೊರಡಿಸಿದ ಚೀಟಿಗಳೂ ಬಾಸ್ಟನ್ನಿನ ಪೇಟೆಯಲ್ಲೇ ಚಲಾವಣೆಯಾಗುತ್ತಿದ್ದವು, ಅದಕ್ಕೆ ಮ್ಯಾಸಚೂಸೆಟ್ಸಿನ ಹಿಡಿತವೇ ಇರಲಿಲ್ಲ. 1700ರ ಸುಮಾರಿಗೆ 100 ಇಂಗ್ಲಿಷ್ ಪೌಂಡಿಗೆ ಮ್ಯಾಸಚೂಸೆಟ್ಸಿನ 140 ಪೌಂಡ್ ಇತ್ತು. 1749ರ ಹೊತ್ತಿಗೆ ಸುಮಾರು 1,100.

ಅಲ್ಲಿಂದ ಪಾರಾದದ್ದು ಫ್ರೆಂಚರ ಲೂಯಿಬರ್ಗ್ ಕೋಟೆ ಗೆದ್ದುಕೊಟ್ಟ ಖರ್ಚಿಗೆ ಬ್ರಿಟನ್ ಕೊಟ್ಟ ಪರಿಹಾರದಿಂದ. £183,649 ಮೊತ್ತ 1749ರಲ್ಲಿ ಬೆಳ್ಳಿ ಡಾಲರ್ ಮತ್ತು ತಾಮ್ರದ ಕಾಸುಗಳಾಗಿ ಹಡಗಿನಲ್ಲಿ ಬಾಸ್ಟನ್ನಿಗೆ ಬಂತು. ಅಲ್ಲಿನ ವಿಧಾನಸಭೆಯ ಮುಂದಾಳು ಥಾಮಸ್ ಹಚಿನ್ಸನ್ ಹಟ ಹಿಡಿದು, ಹಳೆಯ ಚೀಟಿಯ 45 ಶಿಲ್ಲಿಂಗಿಗೆ ಒಂದು ಡಾಲರಿನಂತೆ ಎಲ್ಲವನ್ನೂ ವಾಪಸು ಪಡೆಯುವ ಕಾನೂನು ಮಾಡಿಸಿದ. ಬೆಳ್ಳಿಯ ಪಕ್ಷದವರು ಇದನ್ನು ದೊಡ್ಡ ಗೆಲುವೆನ್ನುತ್ತಾರೆ, ಅದು ಸರಿಯೇ. ಆದರೆ ಆ ಬೆಳ್ಳಿ ವ್ಯಾಪಾರದಿಂದ ಬಂದದ್ದಲ್ಲ, ಬ್ರಿಟಿಷ್ ಖಜಾನೆ ಕೊಟ್ಟದ್ದು. ಅಂಥ ಕೊಡುಗೆ ಸಿಗದ ವಸಾಹತಿಗೆ ಈ ಮದ್ದು ಸಿಗುತ್ತಿರಲಿಲ್ಲ. 1751ರಲ್ಲಿ ಬ್ರಿಟಿಷ್ ಸಂಸತ್ತು ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್ ಮುಂತಾದ ನ್ಯೂ ಇಂಗ್ಲೆಂಡ್ ವಸಾಹತುಗಳ ಚೀಟಿಗಳಿಗೆ ಕಡಿವಾಣ ಹಾಕಿತು. 1764ರಲ್ಲಿ ಉಳಿದ ವಸಾಹತುಗಳಲ್ಲೂ ಹೊಸ ಚೀಟಿಯನ್ನು ಸಾಲ ತೀರಿಸಲು ಕಡ್ಡಾಯ ಹಣ ಮಾಡಬಾರದೆಂದು ವಿಧಿಸಿತು.

ಜಮೀನಿನ ಅಡಮಾನದ ಮೇಲೆ ನಿಂತ ಚೀಟಿ

ಆ ಕಾಲದ ಕಾಗದದಲ್ಲಿ ಯಾವುದು ಉತ್ತಮ ಎಂದು ಕೇಳಿದರೆ ಅನುಮಾನವಿಲ್ಲದೆ ಇದು, ಅದರಲ್ಲೂ ಪೆನ್ಸಿಲ್ವೇನಿಯಾದ್ದು. 1723ರ ಮಾರ್ಚಿನಲ್ಲಿ £15,000, ಅದೇ ವರ್ಷದ ಕೊನೆಗೆ ಇನ್ನೂ £30,000. ಖರ್ಚಿಗೆ ಹಂಚಿದ್ದಲ್ಲ, ಸಾಲದ ಕಚೇರಿ ತೆರೆದು ರೈತರಿಗೆ ಸಾಲ ಕೊಟ್ಟದ್ದು. ಸಾಲದ ಎರಡರಷ್ಟು ಬೆಲೆಯ ಜಮೀನು ಅಡವಿಡಬೇಕು. ಬಡ್ಡಿ ನೂರಕ್ಕೆ 5. ತೀರಿಸಲು ಎಂಟು ವಾರ್ಷಿಕ ಕಂತು. ಒಬ್ಬರಿಗೇ ದೊಡ್ಡ ಮೊತ್ತ ಹೋಗದಂತೆ ಮಿತಿಯೂ ಇತ್ತು.

ಇದರ ಚೆಲುವು ಇರುವುದು ವಾಪಸಾತಿಯಲ್ಲಿ. £100 ಪಡೆದವರು ಅಸಲಿನ ಎಂಟನೆಯ ಒಂದು ಭಾಗದಂತೆ ಕಟ್ಟುತ್ತಾರೆ ಎಂದುಕೊಳ್ಳಿ: ಮೊದಲ ವರ್ಷ £12½ ಅಸಲು, £5 ಬಡ್ಡಿ. ಕಂತು ಕಟ್ಟಲು ಅವರಿಗೆ ಇದೇ ಚೀಟಿ ಬೇಕು, ಇಲ್ಲದಿದ್ದರೆ ಹೊಲ ಹೋಗುತ್ತದೆ. ಹಾಗಾಗಿ ಸುಗ್ಗಿಯ ಹೊತ್ತಿಗೆ ಊರೂರಿನಲ್ಲಿ ಚೀಟಿ ಬೇಕಾದವರು ಇರುತ್ತಾರೆ, ಬೆಲೆ ತಾನಾಗಿ ನಿಲ್ಲುತ್ತದೆ. ಬಡ್ಡಿಯ ಆದಾಯದಿಂದ ಸರ್ಕಾರದ ಖರ್ಚು ನಡೆದು ಜನರ ಮೇಲಿನ ತೆರಿಗೆಯೂ ಹಗುರವಾಯಿತು. 1723ರಿಂದ ಸ್ವಾತಂತ್ರ್ಯಯುದ್ಧದವರೆಗಿನ ಅರ್ಧ ಶತಮಾನದಲ್ಲಿ 100 ಇಂಗ್ಲಿಷ್ ಪೌಂಡಿಗೆ ಪೆನ್ಸಿಲ್ವೇನಿಯಾದ ಪೌಂಡ್ ಹೆಚ್ಚುಕಡಿಮೆ 140ರಿಂದ 180ರ ನಡುವೆಯೇ ಆಡುತ್ತಿತ್ತು. ಬಾಸ್ಟನ್ನಿನ 1,100ರ ಪಕ್ಕ ಈ ಅಂಕಿ ಇಟ್ಟು ನೋಡಿ.

1729ರಲ್ಲಿ 23ರ ಹರೆಯದ ಬೆಂಜಮಿನ್ ಫ್ರಾಂಕ್ಲಿನ್ ಇಂಥ ಚೀಟಿಯ ಪರವಾಗಿ ಕಿರುಹೊತ್ತಗೆ ಬರೆದ. ಜಮೀನನ್ನೇ ನಾಣ್ಯ ಮಾಡಿದಂತೆ ಎಂಬುದು ಅವನ ವಾದದ ತಿರುಳು. ಚೀಟಿ ಅಚ್ಚು ಹಾಕುವ ಕೆಲಸವೂ ಮುಂದೆ ಅವನಿಗೆ ಸಿಕ್ಕಿತು ಎಂಬುದನ್ನು ವಿರೋಧಿಗಳು ಎತ್ತಿ ಆಡುತ್ತಾರೆ. ನಿಜ, ಆದರೆ ಆ ಕೆಲಸವನ್ನು ಅವನು ಮಾಡಿದ ರೀತಿ ಮೆಚ್ಚತಕ್ಕದ್ದು. ನಿಜವಾದ ಎಲೆಯೊಂದರ ಅಚ್ಚು ತೆಗೆದು ಚೀಟಿಯ ಹಿಂಬದಿಗೆ ಒತ್ತಿದ. ಎಲೆಯ ನರಗಳು ಒಂದೆಡೆ ದಪ್ಪ, ಒಂದೆಡೆ ಕೂದಲೆಳೆಯಷ್ಟು ಸಣ್ಣ. ಯಾವ ಕೆತ್ತನೆಗಾರನೂ ಅದನ್ನು ಹಾಗೇ ಕೆತ್ತಲಾರ. ಕಾಗದದ ತಿರುಳಿಗೆ ಅಭ್ರಕದ ಚೂರು ಬೆರೆಸುವ ಪದ್ಧತಿಯೂ ಬಂತು. ‘ಖೋಟಾ ಮಾಡಿದವರಿಗೆ ಸಾವು’ ಎಂದು ಚೀಟಿಯ ಮೇಲೆ ಅಚ್ಚೇ ಹಾಕುತ್ತಿದ್ದರು.

ಇದೇ ವಿಧಾನ ರೋಡ್ ಐಲೆಂಡಿನಲ್ಲಿ ಕೆಟ್ಟಿತು. 1786ರಲ್ಲಿ £100,000 ಚೀಟಿಯನ್ನು ಜಮೀನಿನ ಮೇಲೆ ಸಾಲ ಕೊಟ್ಟು, ಒಪ್ಪದವರಿಗೆ ದಂಡ ವಿಧಿಸಿದರು. ಸಾಲ ಕೊಟ್ಟವರು ಚೀಟಿ ಮುಟ್ಟದಿದ್ದರೆ, ಸಾಲ ಪಡೆದವರು ನ್ಯಾಯಾಧೀಶರ ಬಳಿ ಹಣವಿಟ್ಟು, ಪತ್ರಿಕೆಯಲ್ಲಿ ಪ್ರಕಟಣೆ ಹೊರಡಿಸಿ ಋಣಮುಕ್ತರಾಗಬಹುದಿತ್ತು. ಅಂಗಡಿಗಳು ಬಾಗಿಲು ಹಾಕಿದವು. ನ್ಯೂಪೋರ್ಟಿನ ಕಟುಕ ಜಾನ್ ವೀಡನ್ ಮಾಂಸಕ್ಕೆ ಚೀಟಿ ಒಪ್ಪದೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ನ್ಯಾಯಾಧೀಶರು ಆ ದೂರನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಅದೇ ದಶಕದಲ್ಲಿ ಸೌತ್ ಕೆರೊಲಿನಾ ಕೂಡ ಜಮೀನಿನ ಮೇಲೆ ಚೀಟಿ ಕೊಟ್ಟಿತು. ಅಲ್ಲಿ ವರ್ತಕರೇ ಒಪ್ಪಿಕೊಂಡದ್ದರಿಂದ ಅದು ಚೆನ್ನಾಗಿ ನಡೆಯಿತು. ಪೇಟೆ ನಂಬಿದ ಚೀಟಿಗೆ ದಂಡದ ಹೆದರಿಕೆ ಬೇಕಿರಲಿಲ್ಲ.

ಕಾಂಟಿನೆಂಟಲ್

1775ರ ಜೂನ್ 22ರಂದು, ಬಂಡೆದ್ದ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ 20 ಲಕ್ಷ ಡಾಲರಿನ ಚೀಟಿಗೆ ಒಪ್ಪಿಗೆ ಕೊಟ್ಟಿತು. 1779ರ ಕೊನೆಗೆ ಹೊರಟ ಮೊತ್ತ ಸುಮಾರು 24 ಕೋಟಿ ಡಾಲರ್. ಚೀಟಿಯ ಮೇಲೆ ಸ್ಪೇನಿನ ಬೆಳ್ಳಿ ಡಾಲರಿನ ಹೆಸರಿತ್ತು, ಆದರೆ ಬದಲಿಸಿಕೊಡುವ ಬೆಳ್ಳಿ ಇರಲಿಲ್ಲ. ಇದಕ್ಕಿಂತ ಕೇಡಿನ ಕೊರತೆ ಇನ್ನೊಂದು: ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳು 1779ರಿಂದ ನಾಲ್ಕು ಕಂತುಗಳಲ್ಲಿ ಚೀಟಿ ಎಳೆದುಕೊಳ್ಳಬೇಕು ಎಂಬುದು ಮೊದಲ ಯೋಜನೆ. ಯುದ್ಧದ ಹೊತ್ತಿನಲ್ಲಿ ರಾಜ್ಯಗಳು ತಮ್ಮದೇ ಚೀಟಿ ಅಚ್ಚು ಹಾಕುತ್ತಿದ್ದವು. ಮೇಲಾಗಿ, ನ್ಯೂಯಾರ್ಕ್ ಹಿಡಿದಿದ್ದ ಬ್ರಿಟಿಷರು ಖೋಟಾ ಕಾಂಟಿನೆಂಟಲ್ಲನ್ನು ರಾಶಿರಾಶಿ ಹರಿಬಿಟ್ಟರು.

ಒಂದು ಬೆಳ್ಳಿ ಡಾಲರಿಗೆ 1778ರ ಆರಂಭದಲ್ಲಿ ಸುಮಾರು 4 ಕಾಂಟಿನೆಂಟಲ್, 1779ರ ಆರಂಭದಲ್ಲಿ 8, ಆ ವರ್ಷದ ಕೊನೆಗೆ 40ರ ಹತ್ತಿರ. 1780ರ ಮಾರ್ಚ್ 18ರಂದು ಕಾಂಗ್ರೆಸ್ಸೇ 40ಕ್ಕೆ 1 ಎಂದು ಒಪ್ಪಿಕೊಂಡಿತು. 1781ರಲ್ಲಿ ಅದು ಚಲಾವಣೆಯಿಂದಲೇ ಬಿದ್ದುಹೋಯಿತು. ಇಷ್ಟಾದರೂ ಒಂದು ಮಾತನ್ನು ಬಿಡುವಂತಿಲ್ಲ: ತೆರಿಗೆ ಎತ್ತಲಾಗದ, ಆರಂಭದಲ್ಲಿ ಯಾರೂ ದೊಡ್ಡ ಸಾಲ ಕೊಡದ ಕಾಂಗ್ರೆಸ್ ಯುದ್ಧದ ಮೊದಲ ವರ್ಷಗಳನ್ನು ನಡೆಸಿದ್ದು ಮುಖ್ಯವಾಗಿ ಈ ಚೀಟಿಯಿಂದಲೇ. ಅದರ ಬೆಲೆ ಕುಸಿದದ್ದೇ ಒಂದು ತೆರಿಗೆಯಾಯಿತು, ಚೀಟಿ ಯಾರ ಕೈಯಲ್ಲಿತ್ತೋ ಅವರೇ ಅದನ್ನು ಕಟ್ಟಿದರು.

ಯಾರ ಕೈಗೆ ಯಾವುದು

1730ರ ಪೆನ್ಸಿಲ್ವೇನಿಯಾದಲ್ಲಿ ಜಮೀನಿದ್ದು ಕೈಯಲ್ಲಿ ರೊಕ್ಕವಿಲ್ಲದ ರೈತರಿಗೆ ಸಾಲದ ಕಚೇರಿಯ ಚೀಟಿಯೇ ಸರಿ. ಬೆಳ್ಳಿ ಸಿಗುವವರೆಗೆ ಕಾಯುತ್ತಾ ಕೂತರೆ ಬಿತ್ತನೆ ಕಾಲ ದಾಟುತ್ತದೆ. ಕಂತು ತಪ್ಪಿದರೆ ಹೊಲ ಹೋಗುವುದರಿಂದ, ಮುಂದಿನ ಕಂತಿನಷ್ಟು ಚೀಟಿಯನ್ನು ಸುಗ್ಗಿಯಲ್ಲೇ ತೆಗೆದಿಡಬೇಕು.

ಲಂಡನ್ನಿನ ಜೊತೆ ವ್ಯವಹಾರವಿದ್ದ ವರ್ತಕರಿಗೆ ಬೆಳ್ಳಿ, ಇಲ್ಲವೇ ಲಂಡನ್ನಿನಲ್ಲಿ ಹಣ ಕೊಡಿಸುವ ಪತ್ರವಾದ ಹುಂಡಿ. ಊರಿನೊಳಗಿನ ಕೂಲಿ ಮತ್ತು ತೆರಿಗೆಗೆ ಬೇಕಾದಷ್ಟೇ ಚೀಟಿ ಇಟ್ಟುಕೊಂಡರೆ ಸಾಕು; ಹುಂಡಿ ಕೊಳ್ಳುವಾಗ ಮೇಲೆ ಕೊಡಬೇಕಾದ ವಟ್ಟ ಏರುತ್ತಿದೆಯೇ ಎಂದು ವಾರವಾರ ನೋಡುತ್ತಿರಬೇಕು.

1740ರ ಬಾಸ್ಟನ್ನಿನಲ್ಲಿ ಕಟ್ಟಿಟ್ಟ ವರ್ಷಾಶನದ ಮೇಲೆ ಬದುಕುವ ವಿಧವೆಯರಿಗೆ, ಪಾದ್ರಿಗಳಿಗೆ ಚೀಟಿಯ ಪೌಂಡಿನಲ್ಲಿ ಬರೆದ ಕರಾರು ವಿಷದಂತೆ. ಅಂಕಿ ಅದೇ ಇರುತ್ತದೆ, ರೊಟ್ಟಿ ಚಿಕ್ಕದಾಗುತ್ತಾ ಹೋಗುತ್ತದೆ. ಅವರಿಗಿದ್ದ ರಕ್ಷಣೆ ಒಂದೇ: ಕರಾರನ್ನು ‘ಇಷ್ಟು ಔನ್ಸ್ ಬೆಳ್ಳಿ, ಅಥವಾ ಅದರ ಅಂದಿನ ಬೆಲೆಯ ಚೀಟಿ’ ಎಂದು ಬರೆಸುವುದು. ಕೈಗೆ ಬರುವುದು ಕಾಗದವೇ ಆದರೂ ಅಳತೆ ಲೋಹದ್ದು. ಈ ನಷ್ಟ ಯಾರ ಮೇಲೆ ಬಿತ್ತೆಂದು ನೋಡದೆ ಕಾಗದದ ಪರ ಮಾತಾಡುವುದು ಅನ್ಯಾಯ.

1779ರ ಸೈನಿಕರ ಪಾಡು ಎಲ್ಲಕ್ಕಿಂತ ಕಷ್ಟದ್ದು. ಕೈಗೆ ಬಂದ ದಿನವೇ ಖರ್ಚು ಮಾಡುವುದು ಬಿಟ್ಟರೆ ಕಾಂಟಿನೆಂಟಲ್ಲಿಗೆ ಬೇರೆ ಉಪಾಯವಿಲ್ಲ. ಮ್ಯಾಸಚೂಸೆಟ್ಸ್ ತನ್ನ ಸೈನಿಕರಿಗೆ 1780ರಲ್ಲಿ ಕೊಟ್ಟ ಪತ್ರಗಳು ಮಾತ್ರ ಕಾಲಕ್ಕಿಂತ ಬಹಳ ಮುಂದಿದ್ದವು: 5 ಬುಷೆಲ್ ಜೋಳ, 68 ಪೌಂಡ್ ಚಿಲ್ಲರೆ ದನದ ಮಾಂಸ, 10 ಪೌಂಡ್ ಕುರಿಯ ಉಣ್ಣೆ, 16 ಪೌಂಡ್ ಅಟ್ಟೆಯ ಚರ್ಮ, ಇಷ್ಟನ್ನೂ ಕೊಳ್ಳಲು ಅಂದು ಬೇಕಿದ್ದ £130 ಮುಂದೆ ಎಷ್ಟಾಗುತ್ತದೋ ಅದಕ್ಕೆ ತಕ್ಕಂತೆ ಅಸಲು ಮತ್ತು ಬಡ್ಡಿ ಕೊಡುವುದಾಗಿ ಬರೆದಿತ್ತು. ಇಂದಿನ ತುಟ್ಟಿಭತ್ಯೆಯ ಹಿಂದಿರುವ ಆಲೋಚನೆ ಇದೇ.

1786ರ ಪಶ್ಚಿಮ ಮ್ಯಾಸಚೂಸೆಟ್ಸಿನ ರೈತರಿಗೆ ಆಯ್ಕೆಯೇ ಇರಲಿಲ್ಲ. ತೆರಿಗೆಯನ್ನು ಗಟ್ಟಿ ನಾಣ್ಯದಲ್ಲಿ ಕಟ್ಟಬೇಕು, ನಾಣ್ಯ ಹಳ್ಳಿಯಲ್ಲಿ ಇಲ್ಲ. ದನ, ಹೊಲ ಹರಾಜಾದವು. ಜನ ನ್ಯಾಯಾಲಯಗಳನ್ನು ಮುತ್ತಿ ಮುಚ್ಚಿಸಿದರು. 1787ರ ಜನವರಿಯಲ್ಲಿ ಡೇನಿಯಲ್ ಶೇಸ್ ಮುಂದಾಳತ್ವದ ಗುಂಪು ಸ್ಪ್ರಿಂಗ್‌ಫೀಲ್ಡಿನ ಶಸ್ತ್ರಾಗಾರದ ಮೇಲೆ ನುಗ್ಗಿತು. ಲೋಹದ ಹಣವೂ ಜನರನ್ನು ಬೀದಿಗೆ ತರಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕಾನೂನಿನಲ್ಲಿ ಲೋಹ ಗೆದ್ದ ಮೇಲೆ

1787ರ ಸಂವಿಧಾನ ರಾಜ್ಯಗಳಿಗೆ ಚೀಟಿ ಹೊರಡಿಸುವುದನ್ನೂ, ಬೆಳ್ಳಿ ಬಂಗಾರದ ನಾಣ್ಯ ಬಿಟ್ಟು ಬೇರೆ ಏನನ್ನಾದರೂ ಸಾಲ ತೀರಿಸುವ ಕಡ್ಡಾಯ ಹಣ ಮಾಡುವುದನ್ನೂ ನಿಷೇಧಿಸಿತು. 1792ರ ಏಪ್ರಿಲ್ 2ರ ಕಾನೂನು ಡಾಲರಿಗೆ 371¼ ಗ್ರೇನ್ ಶುದ್ಧ ಬೆಳ್ಳಿ, 10 ಡಾಲರಿನ ಈಗಲ್ ನಾಣ್ಯಕ್ಕೆ 247½ ಗ್ರೇನ್ ಶುದ್ಧ ಬಂಗಾರ ಎಂದು ಗೊತ್ತುಮಾಡಿತು. ಅಂದರೆ 15 ತೂಕ ಬೆಳ್ಳಿಗೆ 1 ತೂಕ ಬಂಗಾರ.

ಪುಸ್ತಕದಲ್ಲಿ ಚೆಂದ, ಪೇಟೆಯಲ್ಲಿ ಎರಡು ಕಡೆ ಸೋರಿತು. ಫ್ರಾನ್ಸ್ 1803ರಲ್ಲಿ 15½ಕ್ಕೆ 1 ಎಂದು ನಿಗದಿ ಮಾಡಿತು. ಅಮೆರಿಕದಲ್ಲಿ 15 ಔನ್ಸ್ ಬೆಳ್ಳಿ ಕೊಟ್ಟು ಪಡೆದ ಬಂಗಾರಕ್ಕೆ ಅಲ್ಲಿ 15½ ಔನ್ಸ್ ಸಿಗುತ್ತದೆ. ನೂರಕ್ಕೆ ಮೂರರ ಮೇಲೆ ಲಾಭ, ಸಾಗಣೆ ಕಳೆದರೂ ಉಳಿಕೆ. ಬಂಗಾರ ಹೊರಟಿತು. ಬೆಳ್ಳಿ ಡಾಲರಿನ ಕಥೆ ಬೇರೆ: ಹೊಸ, ಹೊಳೆಯುವ ಅಮೆರಿಕದ ಡಾಲರನ್ನು ವೆಸ್ಟ್ ಇಂಡೀಸಿನಲ್ಲಿ ಸ್ಪೇನಿನ ಡಾಲರಿಗೆ ಒಂದಕ್ಕೊಂದರಂತೆ ಕೊಳ್ಳುತ್ತಿದ್ದರು, ಸ್ಪೇನಿನದು ತುಸು ಭಾರ. ದಲ್ಲಾಳಿಗಳು ಭಾರದ ನಾಣ್ಯ ತಂದು ಫಿಲಡೆಲ್ಫಿಯಾದ ಟಂಕಸಾಲೆಗೆ ಕೊಟ್ಟು, ಕೂಲಿಯಿಲ್ಲದೆ ಹೊಸ ಡಾಲರ್ ಹೊಡೆಸಿಕೊಂಡು ಮತ್ತೆ ಹಡಗು ಹತ್ತಿಸುತ್ತಿದ್ದರು. ಜೆಫರ್ಸನ್ ಸರ್ಕಾರ 1806ರಲ್ಲಿ ಡಾಲರ್ ಟಂಕಿಸುವುದನ್ನೇ ನಿಲ್ಲಿಸಿತು. 1834ರಲ್ಲಿ ಪ್ರಮಾಣವನ್ನು ಸುಮಾರು 16ಕ್ಕೆ 1 ಮಾಡಿದರು, ಆಗ ಬಂಗಾರ ಬಂದು ಬೆಳ್ಳಿ ಹೊರಡತೊಡಗಿತು.

ನಾಣ್ಯ ಬಿಟ್ಟುಹೋದ ಜಾಗವನ್ನು ತುಂಬಿದ್ದು ಖಾಸಗಿ ಬ್ಯಾಂಕುಗಳ ನೋಟು. ರಾಜ್ಯ ಚೀಟಿ ಹೊರಡಿಸುವಂತಿಲ್ಲ, ಆದರೆ ರಾಜ್ಯದ ಪರವಾನಗಿ ಪಡೆದ ಬ್ಯಾಂಕು ಹೊರಡಿಸಬಹುದು. ಕೇಳಿದಾಗ ಬೆಳ್ಳಿ ಅಥವಾ ಬಂಗಾರ ಕೊಡುತ್ತೇನೆ ಎಂಬುದು ನೋಟಿನ ಮಾತು. ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ 1791ರಲ್ಲಿ ಕಟ್ಟಿಸಿದ, 1 ಕೋಟಿ ಡಾಲರ್ ಬಂಡವಾಳದ ರಾಷ್ಟ್ರೀಯ ಬ್ಯಾಂಕು ಆ ಮಾತು ಉಳಿಸಿಕೊಂಡಿತು. ಅದರ ನೋಟನ್ನು ಸರ್ಕಾರವೂ ತೆರಿಗೆಗೆ ಒಪ್ಪುತ್ತಿತ್ತು. ರೋಡ್ ಐಲೆಂಡಿನ ಗ್ಲಾಸ್ಟರಿನಲ್ಲಿದ್ದ ಫಾರ್ಮರ್ಸ್ ಎಕ್ಸ್‌ಚೇಂಜ್ ಬ್ಯಾಂಕು 1809ರಲ್ಲಿ ಮುಳುಗಿದಾಗ ಹೊರಗೆ ಲಕ್ಷಗಟ್ಟಲೆ ಡಾಲರಿನ ನೋಟು, ಪೆಟ್ಟಿಗೆಯಲ್ಲಿ ಇದ್ದ ನಾಣ್ಯ 86 ಡಾಲರ್ ಚಿಲ್ಲರೆ.

ಇಂಥ ನೋಟು ಕೈಗೆ ಬಂದಾಗ 1830, 40ರ ದಶಕದ ಅಂಗಡಿಯವರು ಮಾಡಬೇಕಿದ್ದದ್ದು ಇಷ್ಟು. ಬ್ಯಾಂಕಿನ ಹೆಸರು ಮತ್ತು ಊರು ಓದುವುದು. ಬ್ಯಾಂಕ್ ನೋಟುಗಳ ದರಪಟ್ಟಿಯ ಪತ್ರಿಕೆಯಲ್ಲಿ ಆ ಬ್ಯಾಂಕು ಇದೆಯೇ, ಮುಳುಗಿದೆಯೇ, ಮುಖಬೆಲೆಯಿಂದ ಕಳೆಯಬೇಕಾದ ವಟ್ಟ ಎಷ್ಟು ಎಂದು ನೋಡುವುದು. ಊರು ದೂರವಾದಷ್ಟೂ ವಟ್ಟ ಹೆಚ್ಚು, ಯಾಕೆಂದರೆ ಬೆಳ್ಳಿ ಬೇಕಾದರೆ ಅಲ್ಲಿಗೇ ಹೋಗಬೇಕು. ಖೋಟಾ ನೋಟಿನ ಪಟ್ಟಿಯಲ್ಲಿ ಆ ಮುಖಬೆಲೆ ಇದ್ದರೆ ಮುಟ್ಟದಿರುವುದು. ನ್ಯೂ ಇಂಗ್ಲೆಂಡಿನವರಿಗೆ ಮಾತ್ರ ಈ ತಾಪತ್ರಯ ಕಡಿಮೆ: ಬಾಸ್ಟನ್ನಿನ ಸಫೋಕ್ ಬ್ಯಾಂಕು 1820ರ ದಶಕದಿಂದ, ತನ್ನಲ್ಲಿ ಠೇವಣಿ ಇಟ್ಟ ಹಳ್ಳಿಯ ಬ್ಯಾಂಕುಗಳ ನೋಟನ್ನು ಪೂರ್ತಿ ಬೆಲೆಗೆ ಪಡೆದು ಆಯಾ ಬ್ಯಾಂಕಿಗೆ ಹಿಂದಿರುಗಿಸುತ್ತಿತ್ತು. ಪ್ರತಿ ನೋಟೂ ಬೇಗ ಮನೆಗೆ ಮರಳುತ್ತದೆ ಎಂದು ಗೊತ್ತಿದ್ದ ಬ್ಯಾಂಕು ಮಿತಿ ಮೀರಿ ಅಚ್ಚು ಹಾಕಲು ಹಿಂಜರಿಯುತ್ತಿತ್ತು. ನೂರು ವರ್ಷ ಹಿಂದೆ ಪೆನ್ಸಿಲ್ವೇನಿಯಾದ ಕಂತುಗಳು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಠೇವಣಿ ಮಾಡುತ್ತಿತ್ತು.

ಆಂಡ್ರೂ ಜಾಕ್ಸನ್ ಸರ್ಕಾರ ಕಾಗದದ ಮೇಲಿನ ಸಿಟ್ಟಿನಿಂದ 1836ರ ಜುಲೈ 11ರಂದು, ಸರ್ಕಾರಿ ಜಮೀನು ಕೊಳ್ಳುವವರು ಬೆಳ್ಳಿ ಬಂಗಾರವನ್ನೇ ತರಬೇಕೆಂದು ಆಜ್ಞೆ ಹೊರಡಿಸಿತು. ನಾಣ್ಯ ಪಶ್ಚಿಮದ ಜಮೀನು ಕಚೇರಿಗಳತ್ತ ಹರಿಯಿತು. ಇಂಗ್ಲೆಂಡಿನಲ್ಲೂ ಸಾಲ ಬಿಗಿಯಾಗಿ ಹತ್ತಿಯ ಬೆಲೆ ಬಿತ್ತು. 1837ರ ಮೇ 10ರಂದು ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ನಾಣ್ಯ ಕೊಡುವುದನ್ನು ನಿಲ್ಲಿಸಿದವು. ಆ ದಿನ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಸವೆದ ಸ್ಪೇನಿನ ಡಾಲರುಗಳಿದ್ದವರು ನೆಮ್ಮದಿಯಾಗಿದ್ದರು. ಅಮೆರಿಕದ ಕಾನೂನು ಆ ನಾಣ್ಯವನ್ನು 1857ರವರೆಗೂ ಒಪ್ಪುತ್ತಲೇ ಇತ್ತು.